ಕಡ್ಡಿ ಚುಚ್ಚಿದ ಕಣ್ಣು

ಹತ್ತಿ ಸುತ್ತಿದ ಕಡ್ಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಮರಿಯ ಬಲಗಣ್ಣಿನ ರೆಪ್ಪೆಯಂಚಿಗೆ ಮೆಲ್ಲಗೆ ಒತ್ತಿದಾಗ ಒಳಗಿನಿಂದ ಬೆಳ್ಳಗಿನದೊಂದು ಮುದ್ದೆ, ಒಡೆದ ಹಾಲಿನ ಗಟ್ಟಿಯಂಥದ್ದು, ನಿಧಾನವಾಗಿ ಹೊರಗೆ ಬಂತು. ಥೂ, ಎಂದ. ಎಂದರೂ ಕಡ್ಡಿ ಬಿಡಲಿಲ್ಲ. ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಮರಿಯ ದವಡೆ ಸಿಕ್ಕಿಕೊಂಡಿತ್ತು. ಮೂರು ವಾರದ ಚಿರತೆ ಹಲ್ಲಿ, ಅವನ ಬೆರಳಿನಷ್ಟೇ ಉದ್ದ, ಮೈಮೇಲೆ ಹಳದಿ ಕಪ್ಪು ಪಟ್ಟೆ. ಹಿಡಿತದಲ್ಲಿ ಅದರ ಗಂಟಲು ಪುಟಪುಟ ಹೊಡೆದುಕೊಳ್ಳುತ್ತಿತ್ತು. ಮುದ್ದೆಯೆಲ್ಲ ಬಂದ ಮೇಲೆ ಕಣ್ಣು ಕಾಣಬೇಕಿತ್ತು. ಕಾಣಲಿಲ್ಲ. ಗುಳಿಯ ತಳದಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಚುಕ್ಕೆ, ಸುತ್ತ ಕೆಂಪು ಮಾಂಸ. ಎಡಗಣ್ಣು ಮಾತ್ರ ಸರಿಯಾಗಿ ಬಿಟ್ಟುಕೊಂಡು ಅವನನ್ನೇ ನೋಡುತ್ತಿತ್ತು. ಗೋಡೆಯ ಮೇಲೆ ಹರಿದಾಡುವ ಹಲ್ಲಿಗಳಿಗೆ ರೆಪ್ಪೆಯಿಲ್ಲ, ಈ ಜಾತಿಗೆ ಇದೆ. ಮನುಷ್ಯರ ಹಾಗೆ ಕಣ್ಣು ಮುಚ್ಚುತ್ತವೆ, ಬಿಡುತ್ತವೆ. ಅದಕ್ಕೇ ಸಾಕಿದ್ದೆ ಎಂದು ಹಿಂದೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಈಗ ಆ ರೆಪ್ಪೆ ಕಂಡರೆ ಮುಖ ತಿರುಗಿಸುತ್ತಾನೆ. ಈ ಸಲ ಆರು ಮೊಟ್ಟೆ ಒಡೆದಿದ್ದವು, ಎರಡು ಮರಿಗಳು ಹೀಗೆ. ಮರಿಯನ್ನು ಡಬ್ಬಿಯಲ್ಲಿ ಬಿಟ್ಟು ಕೈಯನ್ನು ಸೋಪಿನಿಂದ ಎರಡು ಸಲ ತೊಳೆದು, ಮೂಸಿ ನೋಡಿ, ಮೂರನೆಯ ಸಲವೂ ತೊಳೆದ.

ಅಡುಗೆಮನೆಯಿಂದ ಹೆಂಡತಿ ಬಾಯಿ ಮುಕ್ಕಳಿಸುವ ಸದ್ದು ಬರುತ್ತಿತ್ತು. ಗುಳಗುಳಗುಳ, ಆಮೇಲೆ ಥೂ. ಮತ್ತೆ ಗುಳಗುಳ. ಮೂರು ದಿನದಿಂದ ಹೀಗೇ. ದವಡೆಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿತ್ತು, ಒಂದು ಕಣ್ಣು ಅರ್ಧ ಮುಚ್ಚಿಹೋಗಿತ್ತು. ಉಪ್ಪುನೀರು ಬಿಟ್ಟು ಇನ್ನೊಂದನ್ನು ಬಾಯಿಗೆ ಹಾಕುವವಳಲ್ಲ. ತಲೆನೋವು ಬರಲಿ, ಜ್ವರ ಬರಲಿ, ಒಮ್ಮೆ ಮೆಟ್ಟಿಲ ಮೇಲಿಂದ ಬಿದ್ದು ಮಣಿಕಟ್ಟು ಮುರಿದಾಗ ಕೂಡ ಅವಳು ಮಾತ್ರೆ ನುಂಗಲಿಲ್ಲ. ನೆಂಟರಿಷ್ಟರ ನಡುವೆ ಅದೊಂದು ತಮಾಷೆಯಾಗಿತ್ತು, ಗಟ್ಟಿ ಹೆಂಗಸು ಎಂದು. ಅವರು ನಗುವಾಗ ಅವನೂ ನಗುತ್ತಿದ್ದ, ನಕ್ಕು ಲೋಟದ ತಳ ನೋಡುತ್ತಿದ್ದ. ಇಪ್ಪತ್ತೇಳು ವರ್ಷದಿಂದ ಹೀಗೆ, ಮಗಳು ಹುಟ್ಟಿದಾಗಿನಿಂದ. ಆ ಆಸ್ಪತ್ರೆಯ ಕೋಣೆಯಲ್ಲಿ ಹಸಿರು ಬಣ್ಣ ಬಳಿದ ಗೋಡೆಯಿತ್ತು, ಕಿಟಕಿಯ ಚಿಲಕ ಮುರಿದಿತ್ತು, ಅದನ್ನು ಸರಿಮಾಡಬಹುದಲ್ಲ ಎಂದು ಅವನ ಕೈ ತುರಿಸುತ್ತಿತ್ತು. ತೊಟ್ಟಿಲಲ್ಲಿದ್ದ ಮಗುವಿನ ಒಂದು ಕಣ್ಣು ಬಿಟ್ಟಿತ್ತು, ಇನ್ನೊಂದು ಬರೀ ಸೀಳು. ಡಾಕ್ಟರು ಕೇಳಿದರು, ಇಬ್ಬರ ಮನೆಯಲ್ಲಿ ಯಾರಿಗಾದರೂ ಕಣ್ಣಿನ ದೋಷ ಇದೆಯಾ? ಅವನ ಕನ್ನಡಕದ ಕಡೆ ನೋಡಿಯೇ ಕೇಳಿದರು. ತೆಳುಗಪ್ಪು ಗಾಜಿನ ಕನ್ನಡಕ, ಬೆಳಕು ಚುಚ್ಚುತ್ತದೆಂದು ಹಾಕಿಕೊಳ್ಳುವುದು. ನನಗೆ ಚಿಕ್ಕಂದಿನಲ್ಲಿ ಆಡುವಾಗ ಕಡ್ಡಿ ಚುಚ್ಚಿದ್ದು, ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾರೂ ಮುಂದೆ ಕೇಳಿರಲಿಲ್ಲ. ಆದರೂ ನಾಲಗೆ ತಾನಾಗಿ ಹೊರಳಿತು: ಇವಳು ಮೂರನೇ ತಿಂಗಳಲ್ಲಿ ಜ್ವರ ಬಂತು ಅಂತ ಮಾತ್ರೆ ನುಂಗಿದ್ದಳು ಡಾಕ್ಟ್ರೇ. ಮಂಚದ ಮೇಲೆ ಮಲಗಿದ್ದವಳು ಅವನ ಮುಖವನ್ನೇ ನೋಡಿದಳು. ಸಿಟ್ಟಿನಿಂದಲ್ಲ. ಹೌದಲ್ಲವಾ, ಎನ್ನುವ ಹಾಗೆ ನೋಡಿದಳು.

"ರೀ, ಮಗಳು ಹತ್ತು ಗಂಟೆಗೆ ಬರ್ತಾಳಂತೆ. ಹಲ್ಲಿಗೆ ಹಾಕೋ ಆ ಹುಳದ ಡಬ್ಬಿಗಳನ್ನ ಮೇಜಿನ ಮೇಲಿಂದ ತೆಗೀರಿ. ಬಸುರಿ ಹೆಂಗಸು, ವಾಂತಿ ಮಾಡ್ಕೊಂಡಾಳು," ಎಂದು ಹೆಂಡತಿ ಅಲ್ಲಿಂದಲೇ ಕೂಗಿದಳು. ಊದಿದ ಕೆನ್ನೆಯಿಂದ ಮಾತು ಮುದ್ದೆ ಮುದ್ದೆಯಾಗಿ ಬಂತು.

"ತೆಗೀತೀನಿ."

"ನಿಮ್ಮ ಯಜಮಾನರಿಗೆ ಇವತ್ತೇ ಮದುವೇನಾ?"

ಯಜಮಾನ ಎಂದರೆ ಗಂಡು ಹಲ್ಲಿ. ಹೆಸರಿಟ್ಟವಳು ಅವಳೇ. ಒಬ್ಬರು ಸಾಲದು ಅಂತ ಮನೆಗೆ ಇನ್ನೊಬ್ಬ ಯಜಮಾನನ್ನ ತಂದಿದ್ದಾರೆ, ಅವನೂ ಹೀಗೇ, ದಿನವಿಡೀ ಮೂಲೆ ಹಿಡಿದು ಕೂತಿರ್ತಾನೆ, ಎಂದು ಮೊದಲ ದಿನವೇ ಅಂದಿದ್ದಳು. ಆ ಯಜಮಾನ ಈಗ ಮೇಜಿನ ಮೇಲೆ ಬಟ್ಟೆಯ ಚೀಲದಲ್ಲಿದ್ದ. ಹೆಣ್ಣಿನ ವಾಸನೆ ಸಿಕ್ಕಿರಬೇಕು, ಬಾಲ ಚೀಲಕ್ಕೆ ಪಟಪಟ ಬಡಿಯುತ್ತಿತ್ತು. ಹೆಣ್ಣಿನ ಡಬ್ಬಿಯೊಳಗೆ ಬಿಟ್ಟರೆ ಎರಡೇ ನಿಮಿಷದಲ್ಲಿ ಕತ್ತಿನ ಚರ್ಮ ಕಚ್ಚಿ ಹಿಡಿಯುತ್ತಾನೆ, ಅವಳು ಸುಮ್ಮನೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಮೊದಲೆಲ್ಲ ಅದನ್ನು ಗಡಿಯಾರ ಹಿಡಿದು ನೋಡುತ್ತಿದ್ದವನಿಗೆ ಈಗ ಆ ಪಟಪಟ ಕೇಳಿದರೇ ಮೈ ಮುಳ್ಳಾಗುತ್ತದೆ. ಚೀಲಕ್ಕೆ ಹಾಕಿ ಅರ್ಧ ಗಂಟೆಯಾಗಿತ್ತು. ಬಿಡುವುದೋ ಬೇಡವೋ ಎಂದು ಎರಡು ಸಲ ಗಂಟು ಬಿಚ್ಚಿ ಎರಡು ಸಲ ಕಟ್ಟಿದ್ದ.

ತಪ್ಪೆಲ್ಲ ಆ ಪ್ರಾಣಿಗಳ ಡಾಕ್ಟರಮ್ಮನದು ಎಂದುಕೊಂಡರೆ ಎಷ್ಟು ಸಲೀಸು. ಹೋದ ವಾರ ಮರಿಗಳನ್ನು ಷೂ ಡಬ್ಬಿಯಲ್ಲಿ ಒಯ್ದಿದ್ದ. ಮೊಟ್ಟೆ ಕಾವಿಗಿಟ್ಟಾಗ ಶಾಖ ಏರುಪೇರಾಗಿತ್ತಾ ಎಂದು ಆಕೆ ಕೇಳಿದಳು. ಆಗಿತ್ತು ಎಂದಿದ್ದರೆ ಕೆಲಸ ಮುಗಿದುಹೋಗುತ್ತಿತ್ತು. ಎರಡು ವರ್ಷದಿಂದ ಕೊಳ್ಳುವವರಿಗೆಲ್ಲ ಅದನ್ನೇ ಹೇಳುತ್ತ ಬಂದವನು, ಕರೆಂಟ್ ಹೋಗಿತ್ತು, ಶಾಖ ತಪ್ಪಿತು, ಅದಕ್ಕೇ ಕಣ್ಣು ಹೀಗೆ ಎಂದು. ಆದರೆ ಆಕೆ ಕೇಳಿದ ಧಾಟಿಯಲ್ಲಿ, ನಿನ್ನಂಥವನು ಮಾಡಿದ ಡಬ್ಬಿ ತಾನೇ, ಎಂಬ ಅರ್ಥವಿತ್ತೋ ಏನೋ, ಅವನಿಗೆ ರೇಗಿಹೋಯಿತು. ಮೂವತ್ತು ವರ್ಷ ಮನೆಮನೆಗೆ ಹೋಗಿ ಫ್ರಿಜ್ ರಿಪೇರಿ ಮಾಡಿದ ಕೈ. ಜನರ ಫ್ರಿಜ್ಜಿನ ಹಿಂದೆ ಜಿರಳೆ ಸತ್ತ ಧೂಳಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿ, ಕೊಳೆತ ಸೊಪ್ಪಿನ ನೀರು ತೋಳಿಗೆ ಸುರಿಯುತ್ತಿದ್ದರೂ ಮಾತಾಡದೆ, ಒಳಗೆ ಎಷ್ಟು ತಣ್ಣಗಿರಬೇಕೋ ಅಷ್ಟು ತಣ್ಣಗೆ ನಿಲ್ಲಿಸಿ ಬಂದವನು. ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಹೋಗುವಾಗ ಅವನು ಮುಟ್ಟಿದ ಲೋಟವನ್ನು ಬೇರೆ ಇಡುವ ಮನೆಗಳಲ್ಲೂ ಅವನ ಕೆಲಸಕ್ಕೆ ಬೆರಳು ತೋರಿಸಿದವರಿಲ್ಲ. "ಹಳೇ ಫ್ರಿಜ್ಜಿನಲ್ಲಿ ನಾನೇ ಕಟ್ಟಿದ ಯಂತ್ರ ಮೇಡಂ. ಅರ್ಧ ಡಿಗ್ರಿ ಆಚೆ ಈಚೆ ಹೋಗಲ್ಲ. ಬೆಳಿಗ್ಗೆ ಸಂಜೆ ಬರೆದಿಟ್ಟಿದೀನಿ," ಎಂದುಬಿಟ್ಟ. ಹಾಗಾದರೆ ಶಾಖ ಅಲ್ಲ, ರಕ್ತದಲ್ಲೇ ಇದೆ, ಗಂಡನ್ನ ತೋರಿಸಿ, ಎಂದಳು. ಮಾರನೆಯ ದಿನ ಒಯ್ದ. ಆಕೆ ಯಜಮಾನನ ದವಡೆ ಹಿಡಿದು ಟಾರ್ಚು ಬಿಟ್ಟಳು. "ನೋಡಿ ಇಲ್ಲಿ, ಪಾಪೆ ಕೆಳಗಡೆ ಹರಿದಿದೆ, ಬೀಗದ ಕಿಂಡಿ ಥರ. ಇವನಿಗೇನೂ ತೊಂದರೆಯಿಲ್ಲ, ಚೆನ್ನಾಗೇ ಕಾಣುತ್ತೆ. ತೊಂದರೆ ಆಗೋದು ಮಕ್ಕಳಿಗೆ." ಹೀಗೆಂದು ತಲೆಯೆತ್ತಿ, ಟಾರ್ಚು ಇನ್ನೂ ಕೈಯಲ್ಲಿರುವಂತೆಯೇ, ಅವನ ಮುಖ ನೋಡಿದಳು. ಕನ್ನಡಕ ಮೂಗಿನ ಮೇಲೆ ಜಾರಿತ್ತು. ಒಂದು ಗಳಿಗೆ ಜಾಸ್ತಿಯೇ ನೋಡಿದಳು ಅನ್ನಿಸಿತು. ಅವನು ಕನ್ನಡಕ ಮೇಲಕ್ಕೆ ತಳ್ಳಿ ಚೀಲದ ಗಂಟು ಕಟ್ಟಿದ.

ಅವನ ಅಪ್ಪನಿಗೆ ಎರಡೂ ಕಣ್ಣಿನಲ್ಲಿ ಆ ಬೀಗದ ಕಿಂಡಿ ಇತ್ತು, ಅವನಿಗೆ ಒಂದರಲ್ಲಿ. ಬಿಸಿಲಿಗೆ ಹೊರಟರೆ ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದೇ ನಡೆಯುತ್ತಿದ್ದ, ಓಣಿಯವರು ಸಲಾಮು ಮಾಸ್ತರ ಎನ್ನುತ್ತಿದ್ದರು. ಕಡ್ಡಿಯ ಕಥೆ ಕಟ್ಟಿದ್ದು ಅವ್ವ. ಹೆಣ್ಣು ಕೊಡುವವರು ಏನಾದರೂ ಅಂದಾರು, ಕಡ್ಡಿ ಚುಚ್ಚಿತು ಅಂದುಬಿಡು, ಗಂಡುಹುಡುಗರಿಗೆ ಏಟು ಬೀಳೋದು ಸಹಜ, ಎಂದಿದ್ದಳು. ಅವನು ಎಷ್ಟು ಸಲ ಹೇಳಿದನೆಂದರೆ ಆ ಕಡ್ಡಿ ಅವನಿಗೆ ಕಾಣತೊಡಗಿತು. ಮೊಳದುದ್ದ, ತುದಿಯಲ್ಲಿ ಸಿಪ್ಪೆ ಸುಲಿದದ್ದು. ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ನೋವಾಯ್ತಾ ಅಪ್ಪ, ಎಂದು ಅವನ ರೆಪ್ಪೆಯ ಮೇಲೆ ಬೆರಳಿಟ್ಟು ಸವರಿದ್ದಳು. ತುಂಬ ನೋವಾಯಿತು ಎಂದಿದ್ದ. ಆ ಹೊತ್ತಿಗೆ ಅವಳ ಸೀಳುಕಣ್ಣಿನಲ್ಲಿ ಕಣ್ಣಿನ ಹಾಗೆಯೇ ಬಣ್ಣ ಬಳಿದ ಚಿಪ್ಪು ಕೂಡಿಸಿಯಾಗಿತ್ತು. ದಿನಾ ಸಂಜೆ ಹೆಂಡತಿ ಅದನ್ನು ತೆಗೆದು, ಅಂಟಿದ ಪಿಸುರು ತೊಳೆದು, ಗುಳಿಯನ್ನು ಹತ್ತಿಯಿಂದ ಒರೆಸುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಅವನಿಗೆ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಒಂದೇ ಒಂದು ಸಲವೂ ಅವನು ಆ ಚಿಪ್ಪು ಮುಟ್ಟಲಿಲ್ಲ. ಒಮ್ಮೆ ಬಟ್ಟಲಿನಲ್ಲಿ ನೀರಿನಡಿ ಅದು ತನ್ನನ್ನೇ ನೋಡುತ್ತಿದ್ದದ್ದು ಕಂಡು ತಟ್ಟೆ ಮುಚ್ಚಿಟ್ಟಿದ್ದ. ಈಗ ಹಲ್ಲಿಯ ಕಣ್ಣಿನ ಕೀವು ತೆಗೆಯುವ ಕೈ ಆಗ ಎಲ್ಲಿ ಹೋಗಿತ್ತು? ಹಲ್ಲಿಯಾದರೆ ತಿರುಗಿ ಅಪ್ಪ ಎನ್ನುವುದಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಗಿ ಅವನು ಮತ್ತೊಮ್ಮೆ ನಲ್ಲಿಯ ಕಡೆ ನಡೆದ.

ಕೈ ಒದ್ದೆಯಿರುವಾಗಲೇ ಫೋನು ಬಂತು. ಆ ಕಡೆ ಇದ್ದದ್ದು ಪ್ಲಾಸ್ಟಿಕ್ ಡಬ್ಬಿ ಮಾರುತ್ತ ಮಾರುತ್ತ ಹಲ್ಲಿ ಮಾರಾಟಕ್ಕೂ ಇಳಿದಿದ್ದವನು, ಡಬ್ಬಿಯಣ್ಣ ಎಂದೇ ಅವನನ್ನು ಎಲ್ಲರೂ ಕರೆಯುವುದು. "ಏನಣ್ಣ, ಜೋಡಿ ಬಿಟ್ರಾ? ಯಜಮಾನನ ಬಣ್ಣಕ್ಕೆ ಜನ ಬಾಯಿ ಬಿಟ್ಕೊಂಡು ಕೂತಿದಾರೆ."

"ಬಿಟ್ಟಿಲ್ಲ. ಬಿಡಲ್ಲ."

"ಯಾಕೆ? ಆ ಕಣ್ಣಿನ ವಿಷಯಾನಾ? ಅಯ್ಯೋ, ಶಾಖ ಅಂತ ಹೇಳಿ ಬಿಸಾಕಿ ಅತ್ಲಾಗೆ. ಯಾರು ಬಂದು ನಿಮ್ಮ ಫ್ರಿಜ್ಜಿನಲ್ಲಿ ಕೈಯಿಟ್ಟು ನೋಡ್ತಾರೆ?"

ಕೀವಿನ ವಾಸನೆ ಇನ್ನೂ ಉಗುರಿನ ಸಂದಿಯಲ್ಲಿತ್ತು. ಅದು ಕಿತ್ತುಕೊಂಡು ಬರಲೆಂಬಂತೆ ಅವನು ಕೂಗಿದ. "ಶಾಖ ಅಲ್ಲ ಕಣ್ರೀ, ರಕ್ತ! ನೋಡೋಕಾಗಲ್ಲ ಆ ಮರಿಗಳ ಮುಖ, ಅನ್ನ ಇಳಿಯಲ್ಲ ಗಂಟಲಲ್ಲಿ. ಇಂಥಾ ಸಂತಾನ ಮುಂದುವರಿಸಬಾರದು, ಇಲ್ಲಿಗೇ ಕಡೀಬೇಕು. ಹುಟ್ಟಿಸೋದೇ ಪಾಪ." ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಎಷ್ಟೋ ಕಾಲದ ಮೇಲೆ ಒಂದು ನಿಜ ಆಡಿದೆ, ಪರವಾಗಿಲ್ಲ ನಾನು, ಎಂದುಕೊಂಡು ಫೋನು ಇಟ್ಟು ತಿರುಗಿದ. ಬಾಗಿಲಲ್ಲಿ ಮಗಳು ನಿಂತಿದ್ದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರಲ್ಲಿ ಬಿಚ್ಚಿದ ಚಪ್ಪಲಿ.

ನಾಲ್ಕು ತಿಂಗಳು ತುಂಬಿ ಐದಕ್ಕೆ ಬಿದ್ದಿತ್ತು ಅವಳಿಗೆ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ಮೈಯಿಂದ ಯಾವಾಗಲೂ ಕ್ಲೋರಿನ್ ವಾಸನೆ. ಅವಳ ಚಿಪ್ಪಿನ ಕಣ್ಣು ಅವನ ಮೇಲೆಯೇ ನೆಟ್ಟಿತ್ತು, ನಿಜದ ಕಣ್ಣು ಗೋಡೆಯ ಕಡೆ ಹೊರಳಿತ್ತು. ಅಥವಾ ಅವನಿಗೆ ಹಾಗೆ ಕಂಡಿತು.

"ಹಲ್ಲಿ ವಿಷಯ ಅದು," ಎಂದ.

"ಗೊತ್ತಾಯ್ತು." ಚಪ್ಪಲಿಯನ್ನು ಗೋಡೆಗೆ ಒರಗಿಸಿ ಒಳಗೆ ಬಂದಳು. "ಹೋದ ವರ್ಷ ನನಗೆ ಶಾಖ ಅಂದಿದ್ದೆ."

"ಆಗ ಗೊತ್ತಿರಲಿಲ್ಲ."

ಹಳೆಯ ಫ್ರಿಜ್ಜಿನ ಬಾಗಿಲಿಗೆ ದಾರದಲ್ಲಿ ನೇತುಹಾಕಿದ್ದ ನೋಟುಬುಕ್ಕನ್ನು ಅವಳು ಕೈಗೆತ್ತಿಕೊಂಡಳು. ಅವನಿಗೆ ಕಸಿದುಕೊಳ್ಳಬೇಕು ಎನ್ನಿಸಿತು, ಕಸಿದುಕೊಳ್ಳಲು ಏನಿದೆ ಅದರಲ್ಲಿ? ಪುಟದ ಮೇಲೆ ಪುಟ, ಅವನದೇ ಗುಂಡಗಿನ ಅಕ್ಷರ, ಬೆಳಿಗ್ಗೆ ಇಪ್ಪತ್ತೆಂಟೂವರೆ, ಸಂಜೆ ಇಪ್ಪತ್ತೆಂಟೂವರೆ. ಮಗಳು ತುದಿಬೆರಳಿನಿಂದ ಪುಟ ಹಾರಿಸುತ್ತ ಹೋದಳು. "ಎರಡು ವರ್ಷ. ಒಂದು ದಿನಾನೂ ತಪ್ಪಿಲ್ಲ. ಗೊತ್ತಿತ್ತು ಅಪ್ಪ ನಿನಗೆ." ನೋಟುಬುಕ್ಕನ್ನು ಇದ್ದ ಹಾಗೆಯೇ ನೇತುಹಾಕಿದಳು. "ಆ ವರ್ಷದ ಕಣ್ಣಿಲ್ಲದ ಮರಿಗಳು ಎಲ್ಲಿ?"

ಅವನ ಕಣ್ಣು ಅಡುಗೆಮನೆಯ ಫ್ರಿಜ್ಜಿನ ಕಡೆ ಹೊರಳಿತು. ಜೀವವಿದ್ದ ಹಾಗೆಯೇ ಒದ್ದೆ ಕಾಗದದಲ್ಲಿ ಸುತ್ತಿ ಅದರ ಮಂಜುಗಡ್ಡೆಯ ತಟ್ಟೆಯ ಹಿಂದೆ ಇಟ್ಟಿದ್ದ. ನಿದ್ದೆ ಹೋದ ಹಾಗೆ ಹೋಗುತ್ತವೆ ಎಂದು ಯಾರೋ ಹೇಳಿದ್ದರು. ಮೂರು ದಿನ ಬಿಟ್ಟು ಬಿಚ್ಚಿದಾಗ ಒಂದರ ಬಾಯಿ ತೆರೆದಿತ್ತು. ಆ ಫ್ರಿಜ್ಜಿನಿಂದ ತೆಗೆದ ನೀರನ್ನು ಅವನು ಇವತ್ತಿಗೂ ಕುಡಿಯುವುದಿಲ್ಲ, ಹೆಂಡತಿ ಕುಡಿಯುತ್ತಾಳೆ.

"ನಾಳೆ ಡಾಕ್ಟರ ಹತ್ರ ಹೋಗ್ಬೇಕು," ಎಂದಳು ಮಗಳು. ಸ್ಟೂಲು ಎಳೆದು ಕೂತು ಕೈಚೀಲದಿಂದ ಮಾತ್ರೆಗಳ ಪಟ್ಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದು ಅಮ್ಮನ ಹಲ್ಲುನೋವಿಗೆ ಅಂತ ತಂದೆ, ಮುಟ್ಟಲ್ಲ ಅಂತ ಗೊತ್ತು. ಹೋದ ಸಲ ಡಾಕ್ಟರು ನನ್ನ ಕಣ್ಣು ಯಾಕೆ ಹೀಗಾಯ್ತು ಅಂತ ಕೇಳಿದ್ರು. ಅಮ್ಮ ನುಂಗಿದ ಮಾತ್ರೆ ಅಂದೆ. ಹೆಸರು ಕೇಳಿದ್ರು, ಹೇಳಿದೆ. ಅವರು ನಕ್ಕುಬಿಟ್ರು ಅಪ್ಪ. ಅದೇ ಇದು. ಜ್ವರ ಬಂದ್ರೆ ಬಸುರಿಯರಿಗೆ ಇವತ್ತಿಗೂ ಇದನ್ನೇ ಕೊಡ್ತಾರಂತೆ, ಇದರಿಂದ ಕಣ್ಣು ಹೋಗಲ್ಲವಂತೆ. ಅಪ್ಪ ಅಮ್ಮ ಇಬ್ಬರ ಕಣ್ಣೂ ಸರಿಯಾಗಿದೆಯಾ ಅಂತ ಕೇಳಿದ್ರು."

"ಏನಂದೆ?"

"ಅಪ್ಪನಿಗೆ ಕಡ್ಡಿ ಚುಚ್ಚಿದ್ದು ಅಂದೆ. ಮುಖ ಒಂಥರಾ ಮಾಡ್ಕೊಂಡು, ಹೋಗಿ ಸರಿಯಾಗಿ ಕೇಳ್ಕೊಂಡು ಬನ್ನಿ ಅಂದ್ರು."

"ಕಡ್ಡೀನ ಗುಡ್ಡ ಮಾಡಬೇಡ ಕಣೆ," ಎಂದ ಅವನು. ಆಡಿದ ಮೇಲೆ ಆ ಮಾತು ಕಿವಿಗೆ ಬಿತ್ತು. ಮಗಳ ತುಟಿಯ ಅಂಚು ಸ್ವಲ್ಪ ಎದ್ದಿತು, ನಗುವಲ್ಲ.

"ಸರಿ, ಹಾಗಾದ್ರೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಡು. ಆ ಕಡ್ಡಿ ಇತ್ತೋ, ಇರಲಿಲ್ವೋ?"

ಚೀಲದಲ್ಲಿ ಯಜಮಾನ ಬಾಲ ಬಡಿದ. ಹೊರಗೆ ಯಾವುದೋ ಗಾಡಿ ಹಿಂದಕ್ಕೆ ಬರುತ್ತ ಕೀಂಕೀಂ ಎನ್ನುತ್ತಿತ್ತು. ಇತ್ತು ಎಂದರೆ ಮುಗಿಯಿತು. ಇತ್ತು ಎನ್ನಲು ಬಾಯಿ ತೆರೆದ, ಸಿಪ್ಪೆ ಸುಲಿದ ತುದಿ ಕಣ್ಣೆದುರು ಬಂದೇ ಬಂತು. ಆದರೆ ಬಾಯಿಂದ ಹೊರಟದ್ದು ಬೇರೆ. "ಈಗ ಗೊತ್ತಾಗಿ ಏನು ಮಾಡ್ತೀಯ? ತೆಗೆಸ್ತೀಯಾ?"

ಮಗಳ ಕೈ ಹೊಟ್ಟೆಯ ಮೇಲೆ ಹೋಯಿತು. ದನಿ ತಗ್ಗಿತು. "ಅದನ್ನ ಯಾರು ಕೇಳಿದ್ರು ನಿನ್ನ? ಹೆರೋದು ಹೆರ್ತೀನಿ. ಕಣ್ಣು ಹೇಗಾದ್ರೂ ಇರಲಿ. ಹುಟ್ಟಿದ ವಾರದಲ್ಲೇ ನೋಡಿದ್ರೆ ಒಳಗೆ ಅಚ್ಚು ಕೂಡಿಸಿ, ಗುಳಿ ಮುಖದ ಜೊತೆ ಬೆಳೆಯೋ ಹಾಗೆ ಮಾಡ್ತಾರಂತೆ. ಮೊದಲೇ ಗೊತ್ತಿದ್ರೆ ಎಲ್ಲಾ ತಯಾರಿಟ್ಟುಕೊಂಡಿರ್ತಾರೆ. ನನಗೆ ಯಾಕೆ ಮಾಡಿಸಲಿಲ್ಲ? ಮಾತ್ರೆಯಿಂದ ಆಗಿದ್ದು, ಆಗಿಹೋಯ್ತು ಅಂತ ಆರು ವರ್ಷ ಕೂತ್ರಿ. ಈ ಕಡೆ ಮುಖ ಚಿಕ್ಕದಾಗೇ ಉಳೀತು." ಬೆರಳಿನಿಂದ ಒಳಸರಿದ ಕೆನ್ನೆ ತೋರಿಸಿದಳು. "ಈ ಹಲ್ಲಿಗಳಿಗೆ ಮರಿ ಮಾಡಿಸಬೇಡ, ನೀನು ಹೇಳಿದ್ದು ಸರಿ. ಅವನ್ನ ಕೇಳಿ ಯಾರೂ ಮಾಡಿಸಲ್ಲ. ಆದ್ರೆ ನಾನು ಹಲ್ಲಿಯಲ್ಲ, ನನಗೆ ಹೇಳಬಹುದಿತ್ತು."

ಎದ್ದು ಬಂದಳು. ಮರಿಗಳ ಕಣ್ಣು ನೋಡಲು ಅವನು ಬಳಸುವ ಸಣ್ಣ ಟಾರ್ಚು ಮೇಜಿನ ಮೇಲಿತ್ತು, ಅದನ್ನೆತ್ತಿಕೊಂಡಳು. "ಕನ್ನಡಕ ತೆಗಿ."

"ಏನಿದು ಹುಚ್ಚಾಟ!"

ಅವಳೇ ತೆಗೆದು ಮೇಜಿನ ಮೇಲಿಟ್ಟಳು. ಹೆಬ್ಬೆರಳು, ತೋರುಬೆರಳುಗಳ ನಡುವೆ ಅವನ ದವಡೆ ಹಿಡಿದು ಮುಖವನ್ನು ಮೇಲಕ್ಕೆತ್ತಿದಳು. ಥೇಟು ಅವನದೇ ಹಿಡಿತ, ಎಲ್ಲಿ ಕಲಿತಳೋ. ಗಂಟಲು ಪುಟಪುಟ ಹೊಡೆದುಕೊಳ್ಳುವುದು ಅವನಿಗೇ ಕೇಳಿಸಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ರೆಪ್ಪೆಯ ಆಚೆ ಬೆಳಕು ಬಂದು ನಿಂತಿತು, ಒಳಗೆಲ್ಲ ಕೆಂಪಾಯಿತು. ಅವಳ ಬೆರಳುಗಳ ಕ್ಲೋರಿನ್ ವಾಸನೆ, ತನ್ನ ಉಗುರಿನ ಕೀವಿನ ವಾಸನೆ. ಹೀಗೆಯೇ ಇದ್ದುಬಿಡಬಹುದು, ಬೇಸರವಾಗಿ ಬಿಟ್ಟಾಳು, ಎಂದುಕೊಂಡ. ಎಷ್ಟು ಹೊತ್ತು ಹಾಗೆ ನಿಂತಿದ್ದರೋ.

"ಕಣ್ಣು ಬಿಡ್ರೀ," ಎಂದಿತು ಇನ್ನೊಂದು ದನಿ.

ಬಿಟ್ಟ. ಬೆಳಕು ಸೂಜಿಯ ಹಾಗೆ ಒಳಗಿಳಿಯಿತು. ಮಗಳು ಒಂದೇ ಸಲ ಬಗ್ಗಿ ನೋಡಿ ಟಾರ್ಚು ಆರಿಸಿದಳು. ಬಾಗಿಲಲ್ಲಿ ಹೆಂಡತಿ, ಕೆನ್ನೆಗೆ ಒತ್ತಿ ಹಿಡಿದ ಟವೆಲ್ಲು. ಎಲ್ಲಿಂದ ಕೇಳಿಸಿಕೊಂಡಿದ್ದಳೋ.

"ಕಡ್ಡಿ ಇರಲಿಲ್ಲ," ಎಂದ ಅವನು. ನೀರು ಸುರಿಯುತ್ತಿದ್ದ ಕಣ್ಣಿಗೆ ಇಬ್ಬರೂ ಒಂದಾಗಿ ಕಾಣುತ್ತಿದ್ದರು. "ಹುಟ್ಟಿದಾಗಿನಿಂದ್ಲೂ ಹೀಗೇ. ಅಪ್ಪನಿಗೂ ಇತ್ತು."

"ಗೊತ್ತಿತ್ತಾ? ಆವತ್ತು ಆಸ್ಪತ್ರೇಲಿ?" ಹೆಂಡತಿ ಕೇಳಿದಳು.

"ಗೊತ್ತಿತ್ತು."

ಕೂಗುತ್ತಾಳೆ ಎಂದು ಕಾದ. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದರೂ ಸರಿಯೇ, ಡಬ್ಬಿಗಳೆಲ್ಲ ಉರುಳಿ ಹಲ್ಲಿ ಹುಳಗಳೆಲ್ಲ ನೆಲದ ಮೇಲೆ ಹರಿದರೂ ಸರಿಯೇ. ಅವಳು ಕೂಗಲಿಲ್ಲ. ಮಗಳು ಯಜಮಾನನ ಚೀಲ ಬಿಚ್ಚಿ, ಅವನನ್ನು ಅವನ ಡಬ್ಬಿಗೇ ಸುರಿದು ಮುಚ್ಚಳ ಹಾಕಿದಳು. ಒಂಟಿಕಣ್ಣಿನ ಮರಿಯಿದ್ದ ಡಬ್ಬಿ ತೆಗೆದು ತನ್ನ ಕೈಚೀಲದ ಪಕ್ಕ ಇಟ್ಟುಕೊಂಡಳು. ಯಾರನ್ನೂ ಕೇಳಲಿಲ್ಲ. ಹೆಂಡತಿ ಮೇಜಿನ ಹತ್ತಿರ ಬಂದಳು. ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆಯಲು ಅವಳಿಗೆ ಬರಲಿಲ್ಲ, ಮಾತ್ರೆ ಚಿಮ್ಮಿ ನೆಲಕ್ಕೆ ಬಿತ್ತು. ಮಗಳು ಇನ್ನೊಂದನ್ನು ಬಿಡಿಸಿ ಅಂಗೈಗಿಟ್ಟು ನೀರು ತಂದಳು.

ನಾಲಗೆಯ ಮೇಲಿಟ್ಟು ನೀರು ಕುಡಿದರೆ ನೀರು ಒಳಗೆ ಹೋಗಿ ಮಾತ್ರೆ ಅಲ್ಲೇ ಉಳಿಯಿತು. ಮಾತ್ರೆ ನುಂಗುವುದೇ ಅವಳಿಗೆ ಮರೆತುಹೋಗಿತ್ತು. ಓಕರಿಸಿದಳು, ನೀರು ಗಲ್ಲದ ಮೇಲಿಂದ ಕುಪ್ಪಸಕ್ಕೆ ಇಳಿಯಿತು, ಮತ್ತೆ ಕುಡಿದಳು, ಕತ್ತು ಹಿಂದಕ್ಕೆ ಚೆಲ್ಲಿ ಕೋಳಿಯ ಹಾಗೆ ಎರಡು ಸಲ ಗಂಟಲು ಆಡಿಸಿದಳು. ಹೋಯಿತು. ಲೋಟ ಇಟ್ಟು ಅವನ ಎದುರಿಗೆ ಬಂದು ನಿಂತು, ಅವನ ಮುಖದ ಹತ್ತಿರಕ್ಕೆ ಬಾಯಿಯನ್ನು ಅಗಲವಾಗಿ ತೆರೆದಳು. ಊದಿದ ವಸಡು, ಕಪ್ಪಾದ ಹಲ್ಲು, ಕೊಳೆತ ವಾಸನೆ, ಬಿಳಿಯ ಪುಡಿ ಹತ್ತಿದ ಬರಿ ನಾಲಗೆ.

"ನುಂಗಿದೀನಿ," ಎಂದಳು. "ನೋಡಿ."

ಕನ್ನಡಕ ಇನ್ನೂ ಮೇಜಿನ ಮೇಲಿತ್ತು. ಅವನು ನೋಡಿದ.